ಹುಲಿ ಎಷ್ಟು ಸಲ ಹಾರಬಹುದು?

ಕಳೆದ ಆಟಿ ತಿಂಗಳಲ್ಲಿ ನಮ್ಮ ಕಾಲೇಜಿನ ಆಟಿ ಕೂಟದ ದಿನ ನಡೆದ ಹುಲಿ-ಕುರಿ ಆಟದ ಪಂದ್ಯದಲ್ಲಿ ಈ ಲೇಖಕನಿಗೆ ಪ್ರಥಮ ಬಹುಮಾನ ಬಂದಿತೆಂಬುದನ್ನು ಸಹಪಾಠಿ ಮಿತ್ರರು ಬಲ್ಲರು. ಬಹುಮಾನವಾಗಿ ದೊರೆತ ಸ್ಟೀಲಿನ ಲೋಟವು ನಮ್ಮ ಮನೆಯ ಕಪಾಟಿನಲ್ಲಿದೆ. ಅದರಲ್ಲಿ ನಾನು ಈ ತನಕ ಒಂದು ಗುಟುಕು ನೀರು ಕುಡಿದವನಲ್ಲ. ಅದೇಕೆಂದು ನನ್ನ ತಾಯಿಯೂ ಕೇಳಿದರು. ಅವರಿಗೆ ಹೇಳಲಾಗದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಟವೊಂದರ ನಡೆಯ ವಿಚಾರಕ್ಕೆ ವಾರ್ಷಿಕ ಸಂಚಿಕೆಯ ಇಷ್ಟು ಪುಟಗಳು ಬೇಕೇ ಎಂದು ಗುರುಗಳು ಕೇಳಬಹುದು. ಬೇಕು ಎಂಬುದೇ ನನ್ನ ಅಭಿಪ್ರಾಯ.

ಆಟವನ್ನರಿಯದ ಓದುಗರೂ ಇರಬಹುದಾದುದರಿಂದ ಅದರ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ. ನೆಲದ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಒಂದು ತ್ರಿಕೋನವನ್ನು ಬರೆದು, ಅದರ ನೆತ್ತಿಯಿಂದ ಬುಡಕ್ಕೆ ಒಳಗಡೆ ಇನ್ನೆರಡು ಗೆರೆಗಳನ್ನು ಎಳೆಯುತ್ತಾರೆ. ನಡುವೆ ಮೂರು ಅಡ್ಡಗೆರೆಗಳು ತ್ರಿಕೋನವನ್ನು ಹಾಯ್ದು ಇಕ್ಕೆಲಗಳಲ್ಲಿಯೂ ಹೊರಗೆ ಚಾಚಿ, ಅಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಗೆರೆಗಳು ಸೇರುವ ಮನೆಗಳು ಒಟ್ಟು 23. ಹುಲಿಗಳು 3, ಕುರಿಗಳು 15. ನಮ್ಮ ಕಡೆ ಹುಲಿಗೆ ರಬ್ಬರ್ ಬೀಜ. ಅದರ ಮೈಮೇಲಿನ ಕಂದು ಮಚ್ಚೆಗಳನ್ನು ಕಂಡರೆ ದೇವರು ಅದನ್ನು ಈ ಆಟಕ್ಕೆಂದೇ ಮಾಡಿದನೋ ಎನಿಸುತ್ತದೆ. ಕುರಿಗೆ ಮಂಜೊಟ್ಟಿ. ಹುಲಿಗಳು ನೆತ್ತಿಯಲ್ಲಿ ಒಂದು, ಅದರ ಕೆಳಗೆ ಎರಡು, ಮೊದಲೇ ಕುಳಿತಿರುತ್ತವೆ. ಕುರಿಗಳು ಸರದಿಗೆ ಒಂದರಂತೆ ಬರುತ್ತವೆ. ಹುಲಿಯು ಗೆರೆಯ ಮೇಲೆ ಪಕ್ಕದ ಮನೆಗೆ ನಡೆಯಬಹುದು. ಪಕ್ಕದಲ್ಲಿ ಕುರಿಯಿದ್ದು, ಅದೇ ನೇರದಲ್ಲಿ ಅದರಾಚೆಯ ಮನೆ ಬರಿದಾಗಿದ್ದರೆ ಹಾರಿ ಅದನ್ನು ತಿನ್ನಬಹುದು. ಕುರಿಗೆ ತಿನ್ನುವ ಶಕ್ತಿಯಿಲ್ಲ. ಅವೆಲ್ಲ ಗುಂಪುಗೂಡಿ ಹುಲಿಗಳಿಗೆ ದಾರಿಯಿಲ್ಲದಂತೆ ಕಟ್ಟಬೇಕು. ಮೂರು ಹುಲಿಗಳೂ ಅಲುಗಾಡದಂತಾದರೆ ಕುರಿಗಳಿಗೆ ಜಯ. ಇಷ್ಟೇ ಆಟ ಎಂದು ನಾನೂ ಕಳೆದ ಆಟಿಯವರೆಗೆ ತಿಳಿದಿದ್ದೆನು.

ಅಂತಿಮ ಪಂದ್ಯದಲ್ಲಿ ನನಗೆ ಎದುರಾಳಿಯಾಗಿ ಬಂದವಳು ಪ್ರಥಮ ವರ್ಷದ ಒಬ್ಬ ವಿದ್ಯಾರ್ಥಿನಿ, ಕಡಬದ ಕಡೆಯವಳು. ನಾಣ್ಯ ಚಿಮ್ಮಿದಾಗ ನನಗೆ ಹುಲಿ ಬಂತು. ಆಕೆ ಆಡುವ ಚಂದವನ್ನು ಕಂಡು ನನಗೆ ಅರ್ಧ ಆಟದಲ್ಲಿಯೇ ಬೆವರಿತು. ಕುರಿಯ ಹಿಂದೆ ಕುರಿಯನ್ನಿಟ್ಟು, ಬೇಲಿ ಕಟ್ಟುವವರಂತೆ ಬದಿಯಿಂದ ಕಟ್ಟುತ್ತಾ ಬಂದಳು. ನನ್ನ ಎರಡು ಹುಲಿಗಳು ಕಟ್ಟಿಹೋದವು. ಮೂರನೆಯದರ ಎದುರು ಒಂದು ಕುರಿ, ಅದರಾಚೆ ಬರಿದು ಮನೆ, ಅದರಾಚೆ ಇನ್ನೊಂದು ಕುರಿ, ಮತ್ತೆ ಬರಿದು ಮನೆ. ನಾನು ಮೊದಲನೆಯ ಕುರಿಯನ್ನು ಹಾರಿ ತಿಂದೆ. ಕೈಯೆತ್ತದೆ ಎರಡನೆಯದನ್ನೂ ಹಾರಿ ತಿಂದೆ. ಆಕೆ ತಲೆಯೆತ್ತಿ, “ಹಾಗೂ ಉಂಟಾ ಅಣ್ಣ?” ಎಂದು ಕೇಳಿದಳು. “ಉಂಟು” ಎಂದೆ. ತೀರ್ಪುಗಾರ ಮಿತ್ರನು ನನ್ನ ಮುಖವನ್ನು ನೋಡಿದನು. ಅವನಿಗೆ ಈ ಆಟವೇ ತಿಳಿಯದು. ಆ ದಿನ ಬೆಳಿಗ್ಗೆ ಅವನಿಗೆ ಆಟವನ್ನು ವಿವರಿಸಿ ಹೇಳಿದವನು ನಾನೇ! ನಿಯಮ ಹೇಳಿದವನೂ ನಾನು, ಆಡಿದವನೂ ನಾನು, ಸಂದೇಹ ಬಂದಾಗ ಸಾಕ್ಷಿ ನುಡಿದವನೂ ನಾನು. ಅವಳು ಮತ್ತೆ ಮಾತಾಡಲಿಲ್ಲ. ಇನ್ನು ಹತ್ತು ನಡೆಗಳಲ್ಲಿ ಆಟ ಮುಗಿಯಿತು.

ಮನೆಗೆ ಬಂದು ಕುಳಿತು ಯೋಚಿಸಿದಾಗ ಆ ಮೊದಲನೆಯ ಕುರಿಯನ್ನು ಅವಳು ಮರೆತು ಬಿಟ್ಟುದಲ್ಲವೆಂದು ಹೊಳೆಯಿತು. ಬೇಟೆಯವರು ಮರಕ್ಕೆ ಮೇಕೆಯನ್ನು ಕಟ್ಟುವಂತೆ ಅದನ್ನು ಅವಳು ಕಟ್ಟಿದ್ದಳು. ಒಂದನ್ನು ತಿಂದು ನನ್ನ ಹುಲಿ ಆ ನಡುಮನೆಯಲ್ಲಿ ಕುಳಿತಿದ್ದರೆ, ಮುಂದಿನ ಸರದಿಯಲ್ಲಿ ಕೊನೆಯ ಬರಿದು ಮನೆಯನ್ನು ತುಂಬಿ, ಅನಂತರ ಬಂದ ದಾರಿಯನ್ನು ಮುಚ್ಚಿ ಅದನ್ನೂ ಕಟ್ಟಬಹುದಾಗಿತ್ತು. ನಾನು ತಿಂದುದು ಎರಡು ಕುರಿಗಳನ್ನಲ್ಲ. ಅವಳು ಅರ್ಧ ಗಂಟೆ ಕುಳಿತು ಮಾಡಿದ ಉಪಾಯವನ್ನು. ಅವರ ಮನೆಯ ಕ್ರಮದಲ್ಲಿ ಹುಲಿಗೆ ಸರದಿಗೊಂದೇ ಹಾರಾಟ. ಆ ಕ್ರಮವನ್ನು ನಂಬಿಯೇ ಅವಳು ಆ ಕುರಿಯನ್ನು ಒಪ್ಪಿಸಿದ್ದಳು.

ಹಾಗಾದರೆ ನನ್ನ ಕ್ರಮ ಎಲ್ಲಿಯದು? ಅದು ನನ್ನ ಪಾಟಿಯಿಂದ, ಎಂದರೆ ತಂದೆಯ ತಾಯಿಯಿಂದ, ಬಂದುದು. ಪಾಟಿ ಹುಟ್ಟಿದುದು ಸಿಂಹಳದ ಚಹಾ ತೋಟದ ಲೈನ್ ಮನೆಯಲ್ಲಿ. ಲಾಲ್ ಬಹದ್ದೂರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ 1964ರಲ್ಲಿ ಮಾಡಿಕೊಂಡ ಒಪ್ಪಂದದ ಫಲವಾಗಿ ಅಲ್ಲಿಂದ ಹೊರಟುಬಂದ ತಮಿಳು ಕುಟುಂಬಗಳಲ್ಲಿ ಹಲವು ನಮ್ಮ ಸುಳ್ಯ-ಪುತ್ತೂರು ಸೀಮೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆ ನಿಂತುದು ಇಲ್ಲಿಯವರಿಗೆ ತಿಳಿದ ವಿಷಯವೇ. ನನ್ನ ತಂದೆ ಬೆಳಗಿನ ಜಾವದಲ್ಲಿ ಹಣೆಗೆ ದೀಪ ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೋಗುವವರು. ಮನೆಯಲ್ಲಿ ತಮಿಳು, ದಾರಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ; ಹೀಗೆ ಬೆಳೆದವನು ನಾನು. ಆಡು-ಪುಲಿ ಆಟವನ್ನು ಪಾಟಿ ಸಮುದ್ರ ದಾಟಿಸಿ ತಂದರು. ಅದಕ್ಕೆ ಸಾಮಾನಿನ ಪೆಟ್ಟಿಗೆಯಲ್ಲಿ ಜಾಗ ಬೇಕಾಗಿರಲಿಲ್ಲ. ಮಳೆಗಾಲದಲ್ಲಿ ಟ್ಯಾಪಿಂಗ್ ನಿಂತಾಗ ಸಿಮೆಂಟಿನ ಜಗಲಿಯ ಮೇಲೆ ಅವರು ಹುಲಿಯನ್ನು ಎರಡೆರಡು ಸಲ ಹಾರಿಸಿ ನನ್ನನ್ನು ಅಳಿಸಿದುದು ನನಗೆ ನೆನಪಿದೆ.

ಪಂದ್ಯ ಕಳೆದ ವಾರ ಅವರನ್ನೇ ಕೇಳಿದೆ. ಪಾಟಿ ಎಲೆಗೆ ಸುಣ್ಣ ಸವರುತ್ತಾ, ಎರಡು ಸಲ ಹಾರುವುದು ಉಂಟು, ಆದರೆ ಆಟಕ್ಕೆ ಕೂರುವಾಗಲೇ ಹೇಳಿಕೊಂಡಿರಬೇಕು, ಹೇಳದಿದ್ದರೆ ಒಂದೇ ಸಲ ಎಂದರು. ನಾನು ಅವಾಕ್ಕಾದೆನು. ಹುಡುಗನಾಗಿದ್ದಾಗ ಹಾರಾಟವನ್ನು ನೋಡಿದ್ದೆ. ಆಟಕ್ಕೆ ಮೊದಲು ಅವರು ಆಡಿಕೊಳ್ಳುತ್ತಿದ್ದ ಆ ಮಾತನ್ನು ಕೇಳಿಸಿಕೊಂಡಿರಲಿಲ್ಲ. ಅರ್ಧ ನಿಯಮವನ್ನು ಹಿಡಿದುಕೊಂಡು ಲೋಟ ಗೆದ್ದವನು ನಾನು.

ಅಂದಿನಿಂದ ಇದೊಂದು ಹುಚ್ಚಾಯಿತು. ಸುಳ್ಯ, ಪುತ್ತೂರು, ಕಡಬಗಳ ಸಹಪಾಠಿಗಳ ಮನೆಗೆ ಹೋದಾಗಲೆಲ್ಲ ಅವರ ಅಜ್ಜ-ಅಜ್ಜಿಯರನ್ನು ಹುಲಿಯ ವಿಚಾರ ಕೇಳತೊಡಗಿದೆ. ಕೆಲವರಿಗೆ ಚೆನ್ನೆಮಣೆ ಮಾತ್ರ ಗೊತ್ತು. ಹುಲಿಯಾಟವನ್ನು ಬಲ್ಲವರಲ್ಲಿ ಒಬ್ಬರ ಮಾತು ಒಬ್ಬರಿಗೆ ಕೂಡಲಿಲ್ಲ. ಹದಿನೈದು ಕುರಿಗಳೂ ಇಳಿದು ಮುಗಿಯುವವರೆಗೆ ಇಳಿದ ಕುರಿ ಕದಲಬಾರದೆಂದು ಪಾಟಿಯ ಕಟ್ಟುಪಾಡು. ಸುಬ್ರಹ್ಮಣ್ಯದ ಕಡೆಯ ಒಬ್ಬ ಮಿತ್ರನ ಮನೆಯಲ್ಲಿ, ಹೊಸ ಕುರಿಯನ್ನು ಇಡುವ ಬದಲು ಹಳೆಯದನ್ನು ಓಡಿಸಬಹುದು. ಇದು ಸಣ್ಣ ವ್ಯತ್ಯಾಸವೇ? ಮೊದಲ ಕ್ರಮದಲ್ಲಿ ಕುರಿಯನ್ನು ಎಲ್ಲಿ ಇಳಿಸುತ್ತೇವೋ ಅಲ್ಲಿಯೇ ಅದರ ಹಣೆಬರಹ; ಎರಡನೆಯದರಲ್ಲಿ ತಪ್ಪನ್ನು ತಿದ್ದಿಕೊಳ್ಳುವುದಕ್ಕೆ ಸಮಯವುಂಟು. ಹುಲಿಯು ತಿನ್ನಲು ಸಾಧ್ಯವಿದ್ದಾಗ ತಿನ್ನಲೇಬೇಕೋ, ಇಷ್ಟವಿದ್ದರೆ ಸಾಕೋ? ಪುತ್ತೂರಿನ ಒಂದು ಅಡಿಕೆ ತೋಟದ ಮನೆಯ ಹಿರಿಯರು, ಹಸಿದ ಹುಲಿ ಎದುರಿನ ಕುರಿಯನ್ನು ಬಿಟ್ಟುಹೋಗುವುದುಂಟೇ ಎಂದು ನನ್ನನ್ನೇ ಗದರಿಸಿದರು. ಅವರ ಮಾತಿನಂತೆ ನಡೆದರೆ ಕುರಿಯವನಿಗೆ ಲಾಭ. ಒಂದೊಂದು ಕುರಿಯನ್ನು ಬಲಿಕೊಟ್ಟು ಹುಲಿಯನ್ನು ಬೇಕಾದಲ್ಲಿಗೆ ಎಳೆದು ತರಬಹುದು. ಎಷ್ಟು ಕುರಿ ಸತ್ತರೆ ಹುಲಿ ಗೆದ್ದಂತೆ ಎಂಬುದಕ್ಕೂ ಒಂದೊಂದು ಮನೆಯಲ್ಲಿ ಒಂದೊಂದು ಲೆಕ್ಕ. ಸೋಲು ಕಂಡಾಗ ಒಂದೇ ಕಾಯಿಯನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸರಿಸುತ್ತಾ ಕತ್ತಲಾಗುವವರೆಗೆ ಕೂರುವವನನ್ನು ಏನು ಮಾಡಬೇಕೆಂಬುದಕ್ಕೆ ಬಹುತೇಕ ಎಲ್ಲರೂ ನಕ್ಕುಬಿಟ್ಟರು. ನೇಪಾಳದ ಬಾಗ್‌ಚಾಲ್ ಆಟದವರು ಇದನ್ನು ಯೋಚಿಸಿದ್ದಾರೆ. 25 ಮನೆಗಳ ಚೌಕದಲ್ಲಿ 4 ಹುಲಿ, 20 ಮೇಕೆಗಳ ಆಟವದು. ಒಮ್ಮೆ ಬಂದ ಸ್ಥಿತಿಯೇ ಮತ್ತೆ ಬರುವಂತೆ ಮೇಕೆಯವನು ನಡೆಸಬಾರದೆಂದು ಅಲ್ಲಿ ಕಟ್ಟು ಮಾಡಿದ್ದಾರೆ.

ಇಷ್ಟು ಕೇಳಿದ ಮೇಲೆ ನನಗನಿಸಿದುದಿದು. ಈ ಕ್ರಮಗಳಲ್ಲಿ ಯಾವುದೂ ತಪ್ಪಲ್ಲ. ಯಾವುದನ್ನೂ ಹೇಳದೆ ಆಟಕ್ಕೆ ಕುಳಿತುದು ತಪ್ಪು. ನಿಯಮವನ್ನು ಮೊದಲೇ ಹೇಳದಿದ್ದರೆ, ಸಂದೇಹ ಬಂದ ಗಳಿಗೆಯಲ್ಲಿ ಗಟ್ಟಿಯಾಗಿ “ಉಂಟು” ಎನ್ನಬಲ್ಲವನ ನಿಯಮವೇ ನಿಯಮವಾಗುತ್ತದೆ. ಅಂತಿಮ ವರ್ಷದವನ ಎದುರು ಪ್ರಥಮ ವರ್ಷದವಳು ವಾದಿಸಲಾರಳು. ತೋಟದ ಧಣಿಯ ಮಗನ ಎದುರು ಕೂಲಿಯಾಳಿನ ಮಗನೂ ವಾದಿಸಲಾರನು. ಇದನ್ನು ನಾನು ಬಾಲ್ಯದಲ್ಲಿ ಬೇರೊಂದು ಜಗಲಿಯಲ್ಲಿ ಕಲಿತಿದ್ದೆ. ಆ ದಿನ ನನ್ನ ಕೈಯಲ್ಲಿ ಕುರಿಗಳಿದ್ದುವು. ಕಲಿತುದನ್ನು ಹುಲಿ ಕೈಗೆ ಬಂದ ದಿನ ಎಷ್ಟು ಬೇಗ ಮರೆತೆನೆಂಬುದೇ ನನಗೆ ಆಶ್ಚರ್ಯ.

ಇಂಥ ಜಗಳ ನಮ್ಮದು ಮಾತ್ರವಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ದೊಡ್ಡಪ್ಪನ ಮಗ ದೀಪಾವಳಿಗೆ ಬಂದಾಗ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟದ ಪುಸ್ತಕವನ್ನು ತಂದಿದ್ದನು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಹೊರತಂದ ಆಟವದು. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸುತ್ತಾರೆ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳಂತೆ ಮಾತಿನಲ್ಲಿಯೇ ಕತೆ ನಡೆಯುತ್ತದೆ. ಆದರೆ ಯುದ್ಧ ಬಂದೊಡನೆ ಅಡಿಗಳ ಲೆಕ್ಕ ಶುರು. ಸಾಮಾನ್ಯ ಮನುಷ್ಯನಿಗೆ ಒಂದು ಸರದಿಯಲ್ಲಿ 30 ಅಡಿ ನಡಿಗೆ. ನಕ್ಷೆಯಲ್ಲಿ ಒಂದೊಂದು ಚೌಕಕ್ಕೆ 5 ಅಡಿ. ಹತ್ತು ಅಡಿ ನಡೆದು, ಶತ್ರುವಿಗೆ ಹೊಡೆದು, ಉಳಿದ ಇಪ್ಪತ್ತು ಅಡಿ ಹಿಂದೆ ಸರಿಯಬಹುದೇ? 2000ದ ಆವೃತ್ತಿಯಲ್ಲಿ, ಅದಕ್ಕೆಂದೇ ವಿಶೇಷ ವಿದ್ಯೆ ಕಲಿಯದವನಿಗೆ ಅದು ಕೂಡದು; 2014ರ ಆವೃತ್ತಿಯಲ್ಲಿ ಯಾರಿಗಾದರೂ ಕೂಡುತ್ತದೆ. ಆದರೆ ಶತ್ರುವಿನ ಕೈಗೆಟಕುವ ಜಾಗದಿಂದ ಸುಮ್ಮನೆ ಹೊರಟರೆ ಅವನಿಗೆ ಒಂದು ಹೊಡೆತದ ಅವಕಾಶವುಂಟು. ಮೂಲೆಯಿಂದ ಮೂಲೆಗೆ ನಡೆದರೆ ಎಷ್ಟು ಅಡಿಯೆಂಬುದಕ್ಕೂ ಆವೃತ್ತಿಯಿಂದ ಆವೃತ್ತಿಗೆ ಲೆಕ್ಕ ಬೇರೆ. ಹಳೆಯ ಪುಸ್ತಕ ಓದಿದವನೂ ಹೊಸ ಪುಸ್ತಕ ಓದಿದವನೂ ಒಂದೇ ಮೇಜಿಗೆ ಕುಳಿತರೆ ಏನಾಗಬಹುದೆಂದು ಅಣ್ಣ ನಗುತ್ತಾ ಹೇಳಿದನು. ಅಷ್ಟು ದಪ್ಪ ಪುಸ್ತಕವಿದ್ದೂ ಸಂದೇಹ ಬಂದೇ ಬರುತ್ತದಂತೆ. ಆದರೆ ಅವರಲ್ಲಿ ಸಂದೇಹವನ್ನು ತೀರಿಸಲು ಕತೆ ನಡೆಸುವವನೊಬ್ಬನಿರುತ್ತಾನೆ. ಅವನಿಗೆ ಆಟದಲ್ಲಿ ಗೆಲ್ಲುವ ಪಕ್ಷವೆಂಬುದಿಲ್ಲ. ನನ್ನನ್ನು ಚುಚ್ಚಿದ ಮಾತು ಅದೊಂದೇ.

ಚದುರಂಗದ ಮಾತೂ ಒಂದಿಷ್ಟು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ದೇಶೀ ಕ್ರಮದಲ್ಲಿ ಆಡಿ ಬೆಳೆದವನು. ಆ ಕ್ರಮದಲ್ಲಿ ಪದಾತಿಗೆ ಮೊದಲ ನಡೆಯಲ್ಲಿಯೂ ಒಂದೇ ಮನೆ; ಪಾಶ್ಚಾತ್ಯ ಕ್ರಮದಲ್ಲಿ ಎರಡು ಮನೆಗಳ ಅವಕಾಶ. ಆತನು ಆ ಕ್ರಮವನ್ನು ದೊಡ್ಡವನಾದ ಮೇಲೆ ಕಲಿತು, 1929ರಲ್ಲಿ ಇಂಗ್ಲೆಂಡಿಗೆ ಹೋಗಿ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದನು; 1932, 1933ರಲ್ಲಿ ಮತ್ತೆ ಆದನು. ಪರರ ನಿಯಮವಾದರೂ ಅದು ಮಣೆಯ ಮುಂದೆ ಕೂರುವ ಮೊದಲೇ ಅವನಿಗೆ ಗೊತ್ತಿದ್ದ ನಿಯಮ. ನಮ್ಮ ಪಂದ್ಯದ ಹುಡುಗಿಗೆ ಆ ಅವಕಾಶವನ್ನೂ ನಾವು ಕೊಡಲಿಲ್ಲ.

ಆಟವೆಂದರೆ ಸಂತೋಷಕ್ಕೆ, ಅದಕ್ಕೆ ಕಾಯಿದೆ ಬರೆದರೆ ಕೋರ್ಟಿನ ಕಟಕಟೆಯಾಗುತ್ತದೆ ಎಂದು ನಮ್ಮ ಅಧ್ಯಾಪಕರೊಬ್ಬರು ನನ್ನ ಮಾತಿಗೆ ನಕ್ಕರು. ಅವರ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಮನೆಯ ಜಗಲಿಯಲ್ಲಿ ಪಾಟಿ ನನಗೆ ಎಷ್ಟೋ ಸಲ ನಡೆಯನ್ನು ಹಿಂತೆಗೆಯಲು ಬಿಟ್ಟಿದ್ದಾರೆ. ಅಲ್ಲಿ ನಿಯಮ ಬಾಗಿದುದು ಚಿಕ್ಕವನ ಕಡೆಗೆ. ಅಂಥ ಬಾಗುವಿಕೆ ಇರಲಿ. ಆದರೆ ಬಹುಮಾನವಿಟ್ಟು ನಡೆಸುವ ಪಂದ್ಯದಲ್ಲಿ ಅದು ಯಾವ ಕಡೆಗೆ ಬಾಗುತ್ತದೆಂಬುದನ್ನು ಮೇಲೆಯೇ ಹೇಳಿದೆ. ಇನ್ನು ಸಂತೋಷದ ಮಾತು. ನಮ್ಮ ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗರೆಂಬ ಅಕ್ಕತಂಗಿಯರು ಚೆನ್ನೆಯಾಡುತ್ತಾ ಜಗಳಕ್ಕೆ ಬಿದ್ದು, ಕೊನೆಗೆ ಇಬ್ಬರೂ ಪ್ರಾಣ ಕಳೆದುಕೊಂಡ ಕತೆಯನ್ನು ಯಾರು ಕೇಳಿಲ್ಲ? ಅಕ್ಕತಂಗಿಯರು ಎದುರುಬದುರಾಗಿ ಚೆನ್ನೆಯಾಡಬಾರದೆಂದು ಹಿರಿಯರು ಹೇಳುವುದು ಇಂದಿಗೂ ಉಂಟು.

ಇನ್ನು ಕೆಲವು ಮಿತ್ರರು ಇದಕ್ಕೆ ವಿರುದ್ಧವಾದ ಸಲಹೆ ಕೊಟ್ಟರು. ಎಲ್ಲ ಕ್ರಮಗಳನ್ನೂ ತೊಡೆದು ಜಿಲ್ಲೆಗೊಂದೇ ನಿಯಮ ಮಾಡಿಬಿಡೋಣ ಎಂದರು. ಕಬಡ್ಡಿಯಲ್ಲಿ ಹಾಗಾಯಿತು, 1950ರಲ್ಲಿ ಅಖಿಲ ಭಾರತ ಫೆಡರೇಶನ್ ಸ್ಥಾಪನೆಯಾಗಿ ಆಟಕ್ಕೆ ಒಂದೇ ರೂಪ ನೆಲೆಗೊಂಡಿತು, ಆಟ ಏಷ್ಯಾದ ಕ್ರೀಡಾಕೂಟದವರೆಗೂ ಹೋಯಿತು. ಅದು ಒಳ್ಳೆಯದೇ. ಆದರೆ ಹುಲಿಯಾಟ ಏಷ್ಯಾಡಿಗೆ ಹೋಗಬೇಕಾಗಿಲ್ಲ. ಪಾಟಿಯ ಕ್ರಮವನ್ನು ತಪ್ಪೆಂದು ತೊಡೆದುಹಾಕುವ ಸಮಿತಿಯಲ್ಲಿ ನಾನಂತೂ ಕೂರಲಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ‘ಶ್ರೀತತ್ತ್ವನಿಧಿ’ಯಲ್ಲಿ ‘ಕೌತುಕನಿಧಿ’ ಎಂಬ ಭಾಗವನ್ನೇ ಆಟಗಳಿಗೆ ಮೀಸಲಾಗಿಟ್ಟರಂತೆ. ಅರಸರಿಗೆ ಲಿಪಿಕಾರರಿದ್ದರು, ಜಗಲಿಯ ಆಟಕ್ಕೆ ಬರೆಯುವವರಾರು? ಪ್ರವಾಸಕ್ಕೆ ಹೋದಾಗ ಹಂಪಿಯ ಮಂಟಪಗಳ ನೆಲಗಲ್ಲಿನಲ್ಲಿ ಕೊರೆದ ಆಟದ ಮನೆಗಳನ್ನು ನಾವೆಲ್ಲ ಕಂಡೆವು. ಅವುಗಳ ಮೇಲೆ ಕುಳಿತು ಫೋಟೋ ತೆಗೆಸಿಕೊಂಡೆವು. ಗೆರೆಗಳು ಉಳಿದಿವೆ. ಆಡಿದವರು ಹುಲಿಯನ್ನು ಎಷ್ಟು ಸಲ ಹಾರಿಸುತ್ತಿದ್ದರೆಂಬುದು ಆ ಕಲ್ಲಿನ ಮೇಲಿಲ್ಲ.

ಇಲ್ಲಿ ಸ್ವಂತದ ಮಾತೊಂದನ್ನು ಆಡುವುದಕ್ಕೆ ಓದುಗರು ಕ್ಷಮಿಸಬೇಕು. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನು. ಮೊದಲ ವರ್ಷ ನನಗೆ ವಿದ್ಯಾರ್ಥಿವೇತನ ತಪ್ಪಿತು. ಅರ್ಜಿಯ ಕೊನೆಯ ದಿನವನ್ನು ಗೋಡೆಗೆ ಅಂಟಿಸಿದ್ದರು, ನಿಜ. ಆದರೆ ಆ ಗೋಡೆಯನ್ನು ದಿನವೂ ನೋಡಬೇಕೆಂಬುದು ಎಲ್ಲಿಯೂ ಬರೆದಿರಲಿಲ್ಲ. ಅಣ್ಣನೋ ಅಕ್ಕನೋ ಮೊದಲೇ ಓದಿದ ಮನೆಯ ಹುಡುಗರಿಗೆ ಅದು ಗೊತ್ತಿತ್ತು. ಅದಕ್ಕಾಗಿ ಯಾರನ್ನೂ ದೂರುತ್ತಿಲ್ಲ. ಕೆಳಗಿನ ಸಲಹೆಯನ್ನು ನಾನು ಇಷ್ಟು ಹಟದಿಂದ ಮಾಡುವುದೇಕೆಂದು ತಿಳಿಯಲೆಂದು ಹೇಳಿದೆ.

ಮುಂದಿನ ಆಟಿ ಕೂಟದಲ್ಲಿ ಪಂದ್ಯ ಶುರುವಾಗುವ ಮೊದಲು ಆ ದಿನದ ಕ್ರಮವನ್ನು ಕರಿಹಲಗೆಯ ಮೇಲೆ ಬರೆಯತಕ್ಕದ್ದು. ಹುಲಿಗೆ ಎಷ್ಟು ಹಾರಾಟ, ತಿನ್ನಲೇಬೇಕೋ ಬೇಡವೋ, ಇಳಿದ ಕುರಿ ಯಾವಾಗ ಕದಲಬಹುದು, ಎಷ್ಟು ಕುರಿಗೆ ಸೋಲು, ಹಿಂದುಮುಂದಾಡಿಸುವವನನ್ನು ಎಷ್ಟು ಸಲ ಸಹಿಸಬೇಕು, ಇಷ್ಟಾದರೂ ಅಲ್ಲಿರಲಿ. ಚೆನ್ನೆಗೂ ಹೀಗೆಯೇ ಆಗಲಿ. 14 ಗುಳಿ, ಗುಳಿಗೆ 4 ಕಾಯಿ ಎಂಬಷ್ಟರಲ್ಲಿ ಒಮ್ಮತವಿದ್ದರೂ ಮುಂದಿನದರಲ್ಲಿ ಅಲ್ಲಿಯೂ ವಾದವೇ. ಆಡುವವನು ತೀರ್ಪುಗಾರನಿಗೆ ಪಾಠ ಹೇಳಕೂಡದು. ಇದರ ಜೊತೆಗೆ, ಕನ್ನಡ ವಿಭಾಗದಲ್ಲಿ ಒಂದು ದೊಡ್ಡ ನೋಟ್‌ಬುಕ್ಕನ್ನು ಇಡುವ ಕೃಪೆಯನ್ನು ಗುರುಗಳು ಮಾಡಿದರೆ, ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹಿರಿಯರನ್ನು ಕೇಳಿ ಅವರ ಕ್ರಮವನ್ನು ಊರಿನ ಹೆಸರಿನೊಡನೆ ಬರೆದಿಡಬಹುದು. ಕೇಳಬೇಕಾದವರು ಬಹಳ ವರ್ಷ ಕಾಯುವವರಲ್ಲ.

ಲೋಟದ ವಿಷಯ ಉಳಿಯಿತು. ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಆ ತಂಗಿಗೆ ಪಾಟಿ ಹೇಳಿದುದೆಲ್ಲವನ್ನೂ ಹೇಳಿದೆ. “ಲೋಟ ಎಲ್ಲ ಬೇಡ ಅಣ್ಣ, ಇನ್ನೊಂದು ಆಟ ಆಡುವ” ಎಂದಳು. ಕ್ಯಾಂಟೀನಿನ ಹಿಂದಿನ ಕಟ್ಟೆಯ ಮೇಲೆ ಗೆರೆ ಎಳೆದೆವು. ನಿಯಮ ಗೊತ್ತು ಮಾಡುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಸುತ್ತ ಸೇರಿದವರು ಬೇಸತ್ತು ಹೋದರು. ಹಾರಾಟ ಒಂದೇ ಎಂದು ಒಪ್ಪಿಕೊಂಡು ಮೊದಲ ಆಟದಲ್ಲಿ ನಾನು ಹುಲಿಯಾಡಿದೆ. ಮೂರು ಹುಲಿಗಳನ್ನೂ ಕಟ್ಟಿಹಾಕಿದಳು. ಎರಡನೆಯದರಲ್ಲಿ ಹುಲಿ ಅವಳದು. ನಾನು ಧೈರ್ಯ ಮಾಡಿ ನೆತ್ತಿಯ ಮನೆಯಲ್ಲಿ ಒಂದು ಕುರಿಯನ್ನು ಕೂರಿಸಿದೆ. ಅವಳ ಹುಲಿ ಎಡದ ಇಳಿಗೆರೆಯಲ್ಲಿತ್ತು. ಬಲದ ಇಳಿಗೆರೆಯಲ್ಲಿ ನೆತ್ತಿಗೆ ತಾಗಿದ ಮನೆ ಬರಿದಾಗಿತ್ತು. ಎಡದಿಂದ ಹತ್ತಿ, ನೆತ್ತಿಯ ಕುರಿಯನ್ನು ಹಾರಿ, ಬಲಕ್ಕೆ ಇಳಿಯಬಹುದೇ? ಗೆರೆಯೇನೋ ಕೂಡಿದೆ, ಆದರೆ ನೇರವಾಗಿಲ್ಲ, ನೆತ್ತಿಯಲ್ಲಿ ಮುರಿದಿದೆ. ನೇರದಲ್ಲಿ ಮಾತ್ರ ಹಾರಬೇಕೆಂದು ನಾನು, ಗೆರೆಯಿದ್ದಲ್ಲೆಲ್ಲ ಹಾರಬಹುದೆಂದು ಅವಳು. ಇಪ್ಪತ್ತು ನಿಮಿಷ ಕುಳಿತು ಗೊತ್ತು ಮಾಡಿದ ನಿಯಮಗಳಲ್ಲಿ ಇದೊಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಸಂಜೆ ಪಾಟಿಯನ್ನು ಕೇಳಿದರೆ, ನೆತ್ತಿಯಲ್ಲಿ ಕುರಿಯನ್ನಿಡುವಷ್ಟು ಮೂರ್ಖರು ತಮ್ಮ ಲೈನ್ ಮನೆಗಳಲ್ಲಿ ಇರಲಿಲ್ಲವೆಂದರು. ಬಲ್ಲ ಹಿರಿಯರು ಯಾರ ಮನೆಯಲ್ಲಾದರೂ ಇದ್ದರೆ ಮಿತ್ರರು ವಿಚಾರಿಸಿ ತಿಳಿಸಬೇಕು. ಆಟ ಅಲ್ಲಿಗೇ ನಿಂತಿದೆ.